ಬರೀ ನೀರಿನ ಕೊಳವೆಯಲ್ಲಿ ಸೋಂಕು

ಪಾಲಹಳ್ಳಿಯ ಚಲುವರಾಜು ಪ್ರಯೋಗಾಲಯಕ್ಕೆ ಸೇರುವ ಮೊದಲು ಊರಿನ ಡೈರಿಯಲ್ಲಿ ಒಂಬತ್ತು ವರ್ಷ ಹಾಲು ಪರೀಕ್ಷಿಸುವ ಕೆಲಸದಲ್ಲಿದ್ದ. ಪರೀಕ್ಷೆಗೆಂದು ತೆಗೆದು ಉಳಿದ ಹಾಲನ್ನು ಅಲ್ಲಿ ಚೆಲ್ಲುವುದಿಲ್ಲ. ಎಲ್ಲರ ಗುಟುಕು ಹಾಲೂ ಒಂದೇ ಕ್ಯಾನಿಗೆ ಸೇರುತ್ತದೆ. ಉಳಿದದ್ದನ್ನು ಕೂಡಿಡುವ ಆ ಅಭ್ಯಾಸ, ಡಿಪ್ಲೊಮಾ ಮುಗಿಸಿ ಪಾಂಡವಪುರದ ಖಾಸಗಿ ಪ್ರಯೋಗಾಲಯಕ್ಕೆ ಬಂದಾಗಲೂ ಅವನ ಕೈ ಬಿಡಲಿಲ್ಲ.

೨೦೨೦ರ ಜುಲೈ ಹದಿನಾಲ್ಕು, ಮಂಗಳವಾರ. ಕೊರೊನಾ ಪರೀಕ್ಷೆಗೆ ಬಂದ ನಲವತ್ತು ಮಾದರಿಗಳಲ್ಲಿ ಮೂವತ್ತೇಳು ಪಾಸಿಟಿವ್ ಆದವು. ವರದಿಗಳು ಸಂಜೆಯೇ ಹೋದವು. ಪ್ರತಿ ಸರದಿಯಲ್ಲೂ ಒಂದು ಕೊಳವೆಗೆ ಬರೀ ಶುದ್ಧ ನೀರು ಹಾಕಿಡಬೇಕು. ಅದರಲ್ಲಿ ಏನೂ ಕಾಣಬಾರದು; ಕಂಡರೆ ಆ ಸರದಿಯ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ. ಬುಧವಾರ ಹತ್ತೂಕಾಲಿಗೆ ಚಲುವರಾಜು ಹಿಂದಿನ ದಿನದ ಪರೀಕ್ಷೆಯ ರೇಖೆಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಾಗ, ನೀರೂ ಪಾಸಿಟಿವ್ ಆಗಿತ್ತು.

ಕಾರಣ ಅವನಿಗೆ ಕೂಡಲೇ ಹೊಳೆಯಿತು. ಪರೀಕ್ಷೆಯ ದ್ರಾವಣ ಆರು ಶೀಶೆಗಳ ತಳದಲ್ಲಿ ಉಳಿದಿದ್ದನ್ನು ಸೋಮವಾರ ಅವನೇ ಒಂದು ಶೀಶೆಗೆ ಬಗ್ಗಿಸಿದ್ದ. ಅವುಗಳಲ್ಲೊಂದಕ್ಕೆ ಯಾವುದೋ ರೋಗಿಯ ಮಾದರಿ ತಾಗಿತ್ತು. ಮಂಗಳವಾರ ಎಲ್ಲ ಕೊಳವೆಗಳಿಗೂ ಹೋದದ್ದು ಅದೇ ದ್ರಾವಣ.

ಪಟ್ಟಿಯ ಹನ್ನೊಂದನೆಯ ಹೆಸರು ಅವನೂರಿನ ದ್ಯಾವಮ್ಮನದು. ಕಣ್ಣಿನ ಪೊರೆ ತೆಗೆಸಲು ಹೋದ ಮುದುಕಿಗೆ, ಮೊದಲು ಕೊರೊನಾ ಪರೀಕ್ಷೆ ಮಾಡಿಸಿಕೊಂಡು ಬಾ ಎಂದಿದ್ದರು. ಕೆಮ್ಮಿಲ್ಲ, ಜ್ವರವಿಲ್ಲ. ಆ ಬೆಳಿಗ್ಗೆಯೇ ಆಂಬುಲೆನ್ಸು ಅವಳನ್ನು ಕೊರೊನಾ ಆರೈಕೆ ಕೇಂದ್ರವಾಗಿದ್ದ ನಾಗಮಂಗಲ ರಸ್ತೆಯ ಹಾಸ್ಟೆಲ್ಲೊಂದಕ್ಕೆ, ನಿಜವಾದ ಸೋಂಕಿತರ ನಡುವೆ, ಒಯ್ದುಬಿಟ್ಟಿತ್ತು.

ಚಲುವರಾಜು ಪ್ರಯೋಗಾಲಯದ ಮುಖ್ಯಸ್ಥ ಶಿವಶಂಕರ್ ಎದುರು ನಿಂತ.

“ನೀರ್ಗೂ ಬಂದ್ಬುಟ್ಟದೆ ಸಾರ್. ತಪ್ಪು ನಂದೇ. ಅವ್ರನ್ನೆಲ್ಲ ಬುಡಿಸ್ಬೇಕು.”

“ನೀರ್ಗೆ ಮಾಸ್ಕ್ ಹಾಕಿರ್ನಿಲ್ವೇನಯ್ಯಾ?” ಶಿವಶಂಕರ್ ನಗಲು ನೋಡಿದರು, ಆಗಲಿಲ್ಲ. “ಇವತ್ತೇ ಹೇಳಿದ್ರೆ ಬಾಗಿಲು ಮುಚ್ಚಿಸ್ತಾರೆ. ಹೊಸ ದ್ರಾವಣ ಬರ್ಲಿ, ಇನ್ನೊಂದ್ಸಲ ನೋಡೋಣ, ತಡಿ.”

“ತಡದ್ರೆ ಆ ಮುದ್ಕಿಗೆ ನಿಜ್ವಾಗ್ಲೂ ಅಂಟ್ಕತದೆ ಸಾರ್!”

ಸಹಾಯವಾಣಿಗೆ ಅವನು ಮೂರು ಬಾರಿ ಫೋನು ಮಾಡಿದ. ಪ್ರಯೋಗಾಲಯದ ಪತ್ರವಿಲ್ಲದೆ ಯಾರನ್ನೂ ಬಿಡಲಾಗದು ಎಂಬುದೇ ಮೂರು ಸಲದ ಉತ್ತರ.

ದ್ರಾವಣ ಬರಲು ನಾಲ್ಕು ದಿನ ಹಿಡಿಯಿತು. ತೆಗೆದಿರಿಸಿದ್ದ ಅದೇ ಮಾದರಿಗಳನ್ನು ಸೋಮವಾರ ಮತ್ತೆ ಪರೀಕ್ಷಿಸಿದಾಗ ಮೂವತ್ತೇಳರಲ್ಲಿ ಪಾಸಿಟಿವ್ ಆಗಿ ಉಳಿದದ್ದು ಎರಡು. ದ್ಯಾವಮ್ಮ ಆ ಎರಡರಲ್ಲಿ ಇರಲಿಲ್ಲ. ರದ್ದತಿ ಪತ್ರಕ್ಕೆ ರುಜು ಬಿದ್ದದ್ದು ಮಂಗಳವಾರ ಹನ್ನೊಂದಕ್ಕೆ. ಚಲುವರಾಜು ಬೈಕು ಹತ್ತಿ ಹಾಸ್ಟೆಲ್ಲಿಗೆ ತಾನೇ ಹೋದ.

ಗೇಟಿನಾಚೆ ಬಂದು ನಿಂತ ದ್ಯಾವಮ್ಮನಿಗೆ ಅವನ ಮುಖ ಕಾಣಲಿಲ್ಲ. ದನಿಯಿಂದ ಗುರುತು ಹಿಡಿದಳು.

“ಯಾರ್ಲಾ, ಚಲುವನಾ? ನನ್ ಹಾಲಲ್ಲಿ ನೀರು ಉಡುಕ್ತಿದ್ದೋನು, ಈಗ ಮೈಯಲ್ಲಿ ರೋಗ ಉಡುಕ್ಬುಟ್ಟೆಯಲ್ಲೋ!”

“ಇಲ್ಲ ಕಣವ್ವಾ, ನಿಂಗೇನೂ ಬಂದಿರ್ನಿಲ್ಲ. ನನ್ ಕೈ ತಪ್ಪು. ಕಾಗ್ದ ತಂದಿವ್ನಿ.”

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತಾಯಿತು.

“ನೆನ್ನೆಯಿಂದ ಇಂಗೇಯಾ. ಮೈಯೂ ಸುಡ್ತದೆ. ಮನೇಲಿ ಸೊಸೆಗೆ ಆರ್ ತಿಂಗ್ಳ ಕೂಸದೆ. ಓಗ್ಬೋದಾ ನಾನು? ನೀನೇ ಯೋಳು.”

ಸೋಂಕಿಲ್ಲವೆಂದು ರುಜು ಮಾಡಿದ ಪತ್ರ ಅವನ ಕೈಯಲ್ಲಿತ್ತು. ಅದನ್ನು ಅವನು ಗೇಟಿನೊಳಕ್ಕೆ ಚಾಚಲಿಲ್ಲ.

“ಬ್ಯಾಡ ಕಣವ್ವಾ,” ಎಂದ.