ಬಾದಾಮಿಯ ಹಗ್ಗ ಹೆಣೆದ ತೋಟದ ಮಾಲಿ

ಬೆಳಗಿನ ಐದೂವರೆ. ಬಾದಾಮಿಯ ರೋಪ್‌ವೇ ನಿಲ್ದಾಣದಲ್ಲಿ ಟಿಕೆಟ್ ಕಿಟಕಿ ಇನ್ನೂ ತೆರೆದಿಲ್ಲ. ಎದುರಿನ ಚಹಾದಂಗಡಿಯವ ಒಲೆ ಹಚ್ಚಿಲ್ಲ. ಹಿಂದಿನ ಗೇಟಿನಿಂದ, ಗಿಡಗಳಿಗೆ ನೀರು ಬಿಡುವ ಪೈಪನ್ನು ಹೆಗಲಿಗೆ ಹಾಕಿಕೊಂಡು ಐವತ್ತಾರು ವರ್ಷದ ಅಂದಪ್ಪ ಒಳಗೆ ಬರುತ್ತಾರೆ. ಪೈಪನ್ನು ದಾಸವಾಳದ ಬುಡಕ್ಕೆ ಎಸೆದು ನೇರ ಕಬ್ಬಿಣದ ಮೆಟ್ಟಿಲು ಹತ್ತುತ್ತಾರೆ. ಮೇಲೆ ದೊಡ್ಡ ಗಾಲಿ, ಅದರ ಪಕ್ಕ ಒಬ್ಬ ಮನುಷ್ಯ ನಿಲ್ಲುವಷ್ಟು ಕಟ್ಟೆ. ಅಲ್ಲಿ ನಿಂತು, ಕಿಸೆಯಿಂದ ಅಂಗೈ ಅಗಲದ ರೇಷ್ಮೆ ಚಿಂದಿ ತೆಗೆದು, ಎದೆಮಟ್ಟದಲ್ಲಿ ನಿಧಾನವಾಗಿ ಸರಿದುಹೋಗುವ ಉಕ್ಕಿನ ಹಗ್ಗಕ್ಕೆ ಸುತ್ತಿ ಹಿಡಿಯುತ್ತಾರೆ. ಹಿಡಿದು ಕಣ್ಣು ಮುಚ್ಚುತ್ತಾರೆ.

"ಕಣ್ಣೀಲೆ ನೋಡಿದ್ರ ತಿಳಿಯೂದಿಲ್ರಿ. ಎಲ್ಲೇರ ಕೂದಲಿನಂಥಾ ಒಂದ ತಂತಿ ಕಡದಿತ್ತಂದ್ರ ರೇಷ್ಮಿ ಅದಕ್ಕ ಸಿಕ್ಕೋತೈತಿ, ಕೈಗಿ ಗೊತ್ತಾಗ್ತೈತಿ. ಇದು ನಮ್ಮಾಕಿ ಹಳೇ ಇಳಕಲ್ ಸೀರಿ ಸೆರಗು. ಇಂಥಾ ಮಷೀನು ಕಂಪನಿಯವರ ಕಡೀನೂ ಇಲ್ಲ," ಎಂದು ನಗುತ್ತಾರೆ. ಕಣ್ಣು ತೆರೆಯುವುದಿಲ್ಲ.

ಹಗ್ಗದ ಒಂದು ಸುತ್ತು ಸಾವಿರದ ಮುನ್ನೂರು ಮೀಟರ್. ರಾತ್ರಿ ಜನ ಕೂರುವ ಡಬ್ಬಿಗಳನ್ನು ಬಿಚ್ಚಿ ಒಳಗಿಟ್ಟಿರುತ್ತಾರೆ, ಆದ್ದರಿಂದ ಈ ಹೊತ್ತಿನಲ್ಲಿ ಬರೀ ಹಗ್ಗವೇ ತಿರುಗುತ್ತದೆ. ಪೂರ್ತಿ ಸುತ್ತು ಅವರ ಕೈಯೊಳಗಿಂದ ಹಾದುಹೋಗಲು ಒಂದು ತಾಸು ಹತ್ತು ನಿಮಿಷ. ಎಂಟಕ್ಕೆ ಮೊದಲ ಡಬ್ಬಿ ಹೊರಡುತ್ತದೆ. ಒಟ್ಟು ಹದಿನೆಂಟು ಡಬ್ಬಿಗಳು, ಭಾನುವಾರ ಎರಡು ಸಾವಿರ ಜನ. ಅವರು ಮೇಲೆ ಸೆಲ್ಫಿ ತೆಗೆದುಕೊಳ್ಳುವಾಗ ಅಂದಪ್ಪ ಕೆಳಗೆ ದಾಸವಾಳಕ್ಕೆ ನೀರು ಬಿಡುತ್ತಿರುತ್ತಾರೆ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವರು ತೋಟದ ಮಾಲಿ, ಹಗ್ಗದ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಈ ಊರಿನ ಆಕಾಶದಲ್ಲಿ ತಿರುಗುವ ಹಗ್ಗವನ್ನು ಹೆಣೆದದ್ದು ಇದೇ ಕೈ ಎಂದು ಯಾವ ಕಾಗದವೂ ಹೇಳುವುದಿಲ್ಲ.

ನಿಲ್ದಾಣದ ಬಾಗಿಲಲ್ಲೇ ಒಂದು ಉದ್ಘಾಟನೆಯ ಕಲ್ಲಿದೆ. ಇಳಕಲ್ಲಿನ ಕೆಂಪು ಗ್ರಾನೈಟು, ಮುಖ ಕಾಣುವಂತೆ ಪಾಲಿಶ್ ಮಾಡಿದ್ದಾರೆ. ಅದರ ಮೇಲೆ ಹತ್ತೊಂಬತ್ತು ಹೆಸರುಗಳು. ಘನ ಉಪಸ್ಥಿತಿಯವರು, ಅಧ್ಯಕ್ಷತೆಯವರು, ಬರಲಾಗದೆ ಶುಭಾಶಯ ಕಳಿಸಿದವರು. ಶುಭಾಶಯಕ್ಕೂ ಕಲ್ಲಿನಲ್ಲಿ ಜಾಗ ಸಿಕ್ಕಿದೆ.

ರೋಪ್‌ವೇ ಗವಿಗಳ ಕಡೆಗೆ ಹೋಗುವುದಿಲ್ಲ, ಊರಿನ ಇನ್ನೊಂದು ಮಗ್ಗುಲಿನ ಗುಡ್ಡಕ್ಕೆ ಹೋಗುತ್ತದೆ. ನಡುವೆ ಕುಂಬಾರ ಓಣಿ. ನಕ್ಷೆಯಲ್ಲಿ ಒಂದು ಗೆರೆ ಎಳೆದು ಮುಗಿಸಿದರು. ಗೆರೆಯ ಕೆಳಗೆ ನಲವತ್ತೊಂದು ಮಾಳಿಗೆಗಳಿವೆ, ಅವುಗಳ ಮೇಲೆ ಜನ ಹಪ್ಪಳ ಒಣಗಿಸುತ್ತಾರೆ, ಬೇಸಿಗೆಯಲ್ಲಿ ಮಲಗುತ್ತಾರೆ, ಹಿತ್ತಿಲಲ್ಲಿ ಸೂರಿಲ್ಲದ ಬಚ್ಚಲುಗಳಿವೆ ಎಂಬುದು ಗೆರೆ ಎಳೆದವರಿಗೆ ತಿಳಿಯಲಿಲ್ಲವೋ, ತಿಳಿದೂ ಬೇಕಾಗಲಿಲ್ಲವೋ. ಈಗ ಬಚ್ಚಲುಗಳಿಗೆಲ್ಲ ಪ್ಲಾಸ್ಟಿಕ್ ತಾಡಪತ್ರಿ ಬಂದಿದೆ. ಮೇಲಿನಿಂದ ಬಿಸ್ಕಿಟಿನ ಪಾಕೀಟುಗಳು ಬೀಳುತ್ತವೆ.

ಅಂದಪ್ಪ ಇಳಕಲ್ಲಿನವರು. ಓದಿದ್ದು ನಾಲ್ಕನೇ ಇಯತ್ತೆ. ಹದಿನೇಳಕ್ಕೆ ಕಲ್ಲಿನ ಖಣಿ ಸೇರಿದರು. ಆಗ ಖಣಿಯ ಆಳದಿಂದ ಬಂಡೆ ಎತ್ತುತ್ತಿದ್ದದ್ದು ತಂತಿಹಗ್ಗದ ಕ್ರೇನು. ಹಗ್ಗ ಸವೆದರೆ ಕತ್ತರಿಸಿ ಮತ್ತೆ ಹೆಣೆಯಬೇಕು. ಆ ವಿದ್ಯೆಯನ್ನು ಅವರಿಗೆ ಕಲಿಸಿದವರು ಉಸ್ತಾದ ಅಹ್ಮದಸಾಬ. ಹೆಣಿಗೆಯ ಜೊತೆಗೆ ಖಣಿಯ ಒಂದು ರಿವಾಜನ್ನೂ ಕಲಿಸಿದರು. ಹಗ್ಗ ಹೆಣೆದವನು, ಅದು ಎತ್ತುವ ಮೊದಲನೆಯ ಬಂಡೆಯ ಕೆಳಗೆ ತಾನೇ ಹೋಗಿ ನಿಲ್ಲಬೇಕು.

"ಉಸ್ತಾದ್ರು ಅಂತಿದ್ರು, 'ಲೇ ಅಂದ್ಯಾ, ಬ್ಯಾರೇದಾವ್ರ ತಲಿ ಮ್ಯಾಲೆ ತೂಗ ಹಾಕೂ ಮೊದಲ ನಿನ್ನ ತಲಿ ಕೊಡಲೇ. ನಿಂದ್ರಾಕ ಅಂಜಿಕಿ ಬಂತೋ, ಬಿಚ್ಚು, ಮತ್ತ ಹೆಣಿ.' ಇಪ್ಪತ್ತೆರಡ ವರ್ಷ ನಿಂತೇನ್ರಿ. ಒಮ್ಮೀನೂ ನನ್ನ ಹಗ್ಗ ಜಾರಿಲ್ಲ."

ಉಸ್ತಾದರ ಎದೆಗೆ ಕಲ್ಲಿನ ಧೂಳು ಹೊಕ್ಕಿತು. ಐವತ್ತು ತುಂಬುವ ಮೊದಲೇ ಕೆಮ್ಮಿ ಕೆಮ್ಮಿ ಹೋದರು. ಖಣಿಗೆ ದೊಡ್ಡ ಯಂತ್ರಗಳು ಬಂದವು, ಹಗ್ಗ ಹೆಣೆಯುವವರನ್ನು ಕೇಳುವವರಿಲ್ಲದಂತಾಯಿತು. ಅಂದಪ್ಪ ಕೆಲವು ವರ್ಷ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ಹೊತ್ತು, ಕೊನೆಗೆ ಹೆಂಡತಿ ಗುರುಲಿಂಗವ್ವನ ತವರು ಚೊಳಚಗುಡ್ಡಕ್ಕೆ ಬಂದು ನೆಲೆಸಿದರು. ಈಗಲೂ ಅಲ್ಲಿಂದಲೇ ಸೈಕಲ್ ತುಳಿದು ಬರುತ್ತಾರೆ.

ಎರಡು ವರ್ಷದ ಹಿಂದೆ ರೋಪ್‌ವೇ ಕಟ್ಟುವಾಗ ಹಗ್ಗ ಬಂತು. ರೋಪ್‌ವೇ ಹಗ್ಗಕ್ಕೆ ತುದಿ ಇರುವಂತಿಲ್ಲ. ಗೋಪುರಗಳ ಮೇಲೆ ಎಳೆದು, ಎರಡು ತುದಿಗಳನ್ನು ಹೆಣೆದು ಬಳೆ ಮಾಡಬೇಕು. ಗಂಟು ಹಾಕುವ ಮಾತೇ ಇಲ್ಲ, ಎಲ್ಲಿಯೂ ದಪ್ಪ ಆಗಬಾರದು. ಆರು ಎಳೆಗಳನ್ನು ಹತ್ತಾರು ಮೀಟರ್ ಉದ್ದಕ್ಕೆ ಬಿಚ್ಚಿ, ಒಂದು ತುದಿಯ ಎಳೆ ತೆಗೆದ ಜಾಗದಲ್ಲಿ ಇನ್ನೊಂದು ತುದಿಯ ಎಳೆ ಕೂಡಿಸುತ್ತ, ಕೊನೆಗಳನ್ನು ಉಕ್ಕಿನ ದಬ್ಬಣದಿಂದ ಹಗ್ಗದ ಹೊಟ್ಟೆಯೊಳಗೆ ನೂಕಬೇಕು. ಈ ಕೆಲಸಕ್ಕೆಂದು ಸರ್ಟಿಫಿಕೇಟ್ ಇದ್ದ ಒಬ್ಬರು ಹೊರರಾಜ್ಯದಿಂದ ಬಂದರು. ಎರಡು ದಿನ ಹೆಣೆದರು, ಎರಡು ದಿನ ಬಿಚ್ಚಿದರು. ಎಳೆಗಳು ಕೂಡಲಿಲ್ಲ. ಆಗ ಸೈಟಿನ ಎಂಜಿನಿಯರ್ ವಿಜಯೀಂದ್ರ ಅವರಿಗೆ ಖಣಿಯವರ ನೆನಪಾಯಿತು. ಅವರು ಬಾಗಲಕೋಟೆಯ ಮಾಸ್ತರ ಮಗ, ಬಾಲ್ಯ ಕಳೆದದ್ದು ಇಳಕಲ್ಲಿನಲ್ಲಿ. ಹುಡುಕಿಕೊಂಡು ಚೊಳಚಗುಡ್ಡಕ್ಕೆ ಹೋದರು. ಕೆಲಸ ಪಾಸಾದರೆ ಹಗ್ಗದ ರಿಜಿಸ್ಟರಿನಲ್ಲಿ ನಿಮ್ಮದೇ ಹೆಸರು, ಹಗ್ಗ ನೋಡಿಕೊಳ್ಳುವ ಕಾಯಂ ನೌಕರಿಯೂ ನಿಮ್ಮದೇ ಎಂದರು.

ಹಗ್ಗದ ರಿಜಿಸ್ಟರೆಂದರೆ ಹಗ್ಗದ ಜಾತಕ. ಯಾವಾಗ ಬಂತು, ಯಾರು ಹೆಣೆದರು, ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಅದರಲ್ಲಿರುತ್ತದೆ. "ನನಗ ನೌಕರಿಗಿಂತ ಅದರ ಮ್ಯಾಲ ಆಸೆ ಬಂತ್ರಿ. ಖಣ್ಯಾಗ ಅಷ್ಟ ವರ್ಷ ದುಡದ್ರೂ ನನ್ನ ಹೆಸರು ಒಂದ ಕಾಗದದಾಗೂ ಇಲ್ಲ," ಎನ್ನುತ್ತಾರೆ ಅಂದಪ್ಪ. ಎರಡು ದಿನದಲ್ಲಿ ಹೆಣೆದು ಮುಗಿಸಿದರು. ಹೆಣಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಸರ್ಟಿಫಿಕೇಟಿನವರು ಬ್ಯಾಟರಿ ಹಿಡಿದು ಹುಡುಕಬೇಕಾಯಿತು.

ಭಾರ ಪರೀಕ್ಷೆಯ ದಿನ ಡಬ್ಬಿಗಳಿಗೆ ಉಸುಕಿನ ಚೀಲ ತುಂಬಿದ್ದರು. ಅಧಿಕಾರಿಗಳು ಬಂದಿದ್ದರು. ಕುಂಬಾರ ಓಣಿಯ ಜನರನ್ನೆಲ್ಲ ಎರಡು ತಾಸು ಶಾಲೆಗೆ ಕಳಿಸಿ, ಓಣಿಯ ಎರಡೂ ಬಾಯಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಹಗ್ಗ ತಿರುಗತೊಡಗಿತು, ಮೊದಲ ಡಬ್ಬಿ ಓಣಿಯ ಮೇಲೆ ಬಂತು. ನೋಡಿದರೆ, ಅದರ ಸರಿಯಾಗಿ ಕೆಳಗೆ, ಒಂದು ಮಾಳಿಗೆಯ ಮೇಲೆ, ಕೈ ಹಿಂದೆ ಕಟ್ಟಿಕೊಂಡು ಒಬ್ಬ ಮನುಷ್ಯ ನಿಂತಿದ್ದಾನೆ!

ಅದು ನಿವೃತ್ತ ಶಿಕ್ಷಕಿ ಮಥುರಾಬಾಯಿಯವರ ಮಾಳಿಗೆ. ಎಪ್ಪತ್ತೊಂದು ವಯಸ್ಸಿನ ಅವರ ನೆನಪು ಚೊಕ್ಕ ಇದೆ. "ನಾ ಕೀಲಿ ಹಾಕಲಿಕ್ಕೆ ಹತ್ತಿದ್ದೆ. ಬಂದು 'ಅಕ್ಕಾರ, ಮಾಳಗಿ ಹತ್ತಲೇನ್ರಿ?' ಅಂದಾ. ಯಾಕೋ ಅಂದೆ. 'ಹಗ್ಗ ನಾ ಹೆಣದೇನ್ರಿ, ಬುಡಕ ನಿಂದ್ರಬೇಕು' ಅಂದಾ. ಏನಪಾ ಇವನ ಹುಚ್ಚು ಅನಿಸ್ತು, ಆದ್ರ ಕೀಲಿ ಕೊಟ್ಟೆ. ಆ ಕಂಪನಿಯವರು ಮೂರು ವರ್ಷ ನಮ್ಮ ಮಾಳಗಿ ಹತ್ತಿ ಇಳದ್ರು. ಹತ್ತಲೇನು ಅಂತ ಕೇಳಿದಾಂವ ಇಂವ ಒಬ್ಬನ ನೋಡ್ರಿ."

ಸೀಟಿ ಊದಿದರು, ಹಗ್ಗ ನಿಲ್ಲಿಸಿದರು. ಅಧಿಕಾರಿಗಳ ಮುಂದೆ ಕಂಪನಿಯ ಮಾನ ಹೋಯಿತು. ಖಣಿಯ ರಿವಾಜು ಸುರಕ್ಷತೆಯ ಪುಸ್ತಕದಲ್ಲಿ ಇಲ್ಲವಲ್ಲ! ಅಪಾಯದ ಜಾಗಕ್ಕೆ ನುಗ್ಗಿದ ಅನಧಿಕೃತ ವ್ಯಕ್ತಿ ಎಂದು ಬರೆದು, ಪಾಸು ಕಿತ್ತುಕೊಂಡು, ಗೇಟಿನ ಪಟ್ಟಿಯಲ್ಲಿ 'ಪ್ರವೇಶವಿಲ್ಲ' ಎಂದು ಹೆಸರು ಹಾಕಿದರು. ಅಂದಪ್ಪನವರ ಹೆಸರನ್ನು ಕಂಪನಿ ಒಂದೇ ಒಂದು ಕಡೆ ಬರೆದಿದೆ ಎಂದರೆ ಅದು ಇಲ್ಲಿ. ಮರುದಿನ ಪರೀಕ್ಷೆ ಪಾಸಾಯಿತು. ರಿಜಿಸ್ಟರಿನಲ್ಲಿ ಹೆಣಿಗೆಯ ಮುಂದೆ ಸರ್ಟಿಫಿಕೇಟಿನವರ ಹೆಸರು ಬಿತ್ತು.

"ತಪ್ಪು ನಂದ ಐತ್ರಿ," ಎನ್ನುತ್ತಾರೆ ಅಂದಪ್ಪ. "ಕಂಪನಿಯವ್ರನ್ನ ಕೇಳಿ ನಿಂದ್ರಬೇಕಿತ್ತು. ಆದ್ರ ಕೇಳಿದ್ರ ಬಿಡ್ತಿದ್ರೇನು? ಕೆಳಗ ನಿಂದ್ರದ ಕೆಲಸಾ ಮುಗೀತು ಅಂತ ನಾ ಹ್ಯಾಂಗ ಅನ್ಲಿ?" ಗುರುಲಿಂಗವ್ವನಿಗೆ ಅಷ್ಟು ಸೈರಣೆ ಇಲ್ಲ. "ಆರ ತಿಂಗಳು ಮನ್ಯಾಗ ಮಾರಿ ಕೆಳಗ ಹಾಕ್ಕೊಂಡ ಕುಂತಿದ್ರು. ಮಂದಿ ಡಬ್ಬ್ಯಾಗ ಕುಂತ ಹೋಗೂದು ನೋಡಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳತೈತ್ರಿ. ನಾ ಒಮ್ಮಿನೂ ಹತ್ತಿಲ್ಲ, ಹತ್ತೂದೂ ಇಲ್ಲ."

ಆರು ತಿಂಗಳ ನಂತರ ಮತ್ತೆ ವಿಜಯೀಂದ್ರ ಬಂದರು. ಸರ್ಟಿಫಿಕೇಟಿನವರು ತಮ್ಮ ಊರಿಗೆ ಹೋಗಿದ್ದರು, ದಿನಾ ಬೆಳಗ್ಗೆ ಹಗ್ಗ ನೋಡುವವರು ಯಾರೂ ಇರಲಿಲ್ಲ. ಪಟ್ಟಿಯಿಂದ ಹೆಸರು ತೆಗೆಯುವುದು ಅವರ ಕೈಯಲ್ಲಿಲ್ಲ. ತೋಟದ ಕೆಲಸ ಗುತ್ತಿಗೆದಾರನದು, ಅವನು ತರುವ ಆಳುಗಳು ಹಿಂದಿನ ಗೇಟಿನಿಂದ ಬರುತ್ತಾರೆ, ಅಲ್ಲಿ ಪಟ್ಟಿ ಇಲ್ಲ. ಹಾಗೆ ಅಂದಪ್ಪ ಮಾಲಿಯಾದರು. "ಇವರು ಹಗ್ಗ ಮುಟ್ಟಿ 'ಹೂಂ' ಅನ್ನೂ ತನಕ ನಾ ಒಂದು ಡಬ್ಬಿ ಬಿಡೂದಿಲ್ಲ. ಆದ್ರ ಕಾಗದದಾಗ ಇವರು ಇಲ್ಲ. ನಾ ಏನ್ ಮಾಡ್ಲಿ ಹೇಳ್ರಿ?" ಎಂದು ವಿಜಯೀಂದ್ರ ನೆಲ ನೋಡುತ್ತಾರೆ. ಏನು ಮಾಡಬೇಕೆಂದು ಅವರಿಗೆ ಗೊತ್ತಿದೆ. ಮಾಡಿದರೆ ತಮ್ಮ ನೌಕರಿಗೂ ಕುತ್ತು ಎಂಬುದೂ ಗೊತ್ತಿದೆ. ಕೆಟ್ಟವರಲ್ಲ, ಆದರೆ ಅಂದಪ್ಪನವರಿಗೆ ಅವರ ಒಳ್ಳೆಯತನದಿಂದ ಇದುವರೆಗೆ ಸಿಕ್ಕಿದ್ದು ಒಂದು ನೀರಿನ ಪೈಪು.

ಈಗ ಹೊಸ ಸಂಕಟ ಬಂದಿದೆ. ಯಾವುದೇ ಹೊಸ ಹಗ್ಗ ಭಾರ ಹೊತ್ತು ಹೊತ್ತು ಉದ್ದವಾಗುತ್ತದೆ. ಬರುವ ತಿಂಗಳು ಹೆಚ್ಚಾದಷ್ಟನ್ನು ಕತ್ತರಿಸಿ ಮತ್ತೆ ಹೆಣೆಯಬೇಕು. ಈ ಸಲ ಅಂದಪ್ಪ ಬಾಯಿ ಬಿಟ್ಟು ಕೇಳಿದರು. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದರೆ ಹೆಣೆಯುತ್ತೇನೆ, ಇಲ್ಲದಿದ್ದರೆ ದಾಸವಾಳಕ್ಕೆ ನೀರು ಬಿಟ್ಟುಕೊಂಡು ಇರುತ್ತೇನೆ ಎಂದರು. ವಿಜಯೀಂದ್ರ ಮುಖ್ಯ ಕಚೇರಿಗೆ ಬರೆದರು. ಸರ್ಟಿಫಿಕೇಟ್ ಇಲ್ಲದವರ ಹೆಸರು ಬರೆಯಲು ಬರುವುದಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಲು ಹತ್ತನೇ ತರಗತಿ ಪಾಸಾಗಿರಬೇಕು ಎಂದು ಉತ್ತರ ಬಂತು. ಹೆಣಿಗೆಗೆ ಹಳೆಯ ಸರ್ಟಿಫಿಕೇಟಿನವರೇ ಬರುತ್ತಾರಂತೆ.

ಅಂದಪ್ಪ ಒಂಬತ್ತು ದಿನ ಹಟ ಹಿಡಿದರು. ದಿನಾ ಹಗ್ಗ ನೋಡಿದರು, ಹೆಣಿಗೆಯ ಮಾತು ತೆಗೆದರೆ ಎದ್ದು ಹೋದರು. ಹತ್ತನೆಯ ದಿನ ಕುಂಬಾರ ಓಣಿಯಲ್ಲಿ ಸೈಕಲ್ ನೂಕಿಕೊಂಡು ಬರುವಾಗ ಮಥುರಾಬಾಯಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದರು. ತಲೆಯ ಮೇಲೆ ಡಬ್ಬಿ ಹೋಯಿತು. ಅವರು ತಲೆ ಎತ್ತಿಯೂ ನೋಡಲಿಲ್ಲ.

"ಆಕಿ ನೋಡ್ಲಿಲ್ಲರಿ. ಅಷ್ಟ ಭರೋಸಾ," ಎನ್ನುತ್ತಾರೆ ಅಂದಪ್ಪ. "ಆ ಮನಿಷ್ಯಾ ಬಂದು ಅರೆಬರೆ ಹೆಣದು ಹೋದ್ರ ಈ ಮಂದಿ ನಡುವ ನಾ ಹ್ಯಾಂಗ ಅಡ್ಡಾಡ್ಲಿ? ಸಾಹೇಬ್ರಿಗೆ ಹೇಳೇನಿ, ಅಂವ ಖುರ್ಚಿ ಹಾಕ್ಕೊಂಡ ಕುಂದ್ರಲಿ, ಸಹಿ ಅಂವಂದ ಇರ್ಲಿ, ನಾ ಹೆಣೀತೇನಿ." ಇದನ್ನು ತ್ಯಾಗ ಎಂದು ಹೊಗಳಿದರೆ ಅವರಿಗೆ ಇನ್ನಷ್ಟು ಅವಮಾನ. ಸೋತಿದ್ದಾರೆ, ಸೋತೆ ಎಂದು ಅವರೇ ಹೇಳುತ್ತಾರೆ. ಎಲೆಮರೆಯ ಕಾಯಿ ಎಂದು ನಾವು ಆರಾಮವಾಗಿ ಅಂದುಬಿಡುತ್ತೇವೆ. ಈ ಕಾಯಿಯ ಮೇಲಿನ ಎಲೆಯನ್ನು ಮನುಷ್ಯರೇ ತಂದು ಮುಚ್ಚಿದ್ದಾರೆ.

ಏಳೂಕಾಲಾಗುತ್ತದೆ. ಅಂದಪ್ಪ ಮೆಟ್ಟಿಲಿಳಿದು ಪೈಪು ಎತ್ತಿಕೊಳ್ಳುತ್ತಾರೆ. ನಲ್ಲಿ ತಿರುಗಿಸುವ ಮೊದಲು ವರದಿಗಾರನ ನೋಟುಪುಸ್ತಕದ ಕಡೆ ಬೆರಳು ತೋರಿಸುತ್ತಾರೆ. "ನನ್ನ ಹೆಸರು ಬರಕೊಂಡೀರೇನ್ರಿ?" ಬರೆದದ್ದನ್ನು ತೋರಿಸಿದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಎರಡು ಸಲ ಓದುತ್ತಾರೆ. ಆಮೇಲೆ, "ಹೊಡದ್ ಹಾಕ್ರಿ," ಎನ್ನುತ್ತಾರೆ. "ಮ್ಯಾಲಿನ ಸಾಹೇಬ್ರಿಗೆ ಗೊತ್ತೈತಿ, ಗೊತ್ತಿಲ್ಲದಂಗ ಇದ್ದಾರ. ಪೇಪರಿನ್ಯಾಗ ಹೆಸರು ಬಂತಂದ್ರ ಅವ್ರಿಗೂ ಹಂಗ ಇರಾಕ ಬರೂದಿಲ್ಲ. ಮರದಿನಾನ ಹಿಂದಿನ ಗೇಟೂ ಬಂದ್. ಹಗ್ಗ ಯಾರು ನೋಡ್ಬೇಕು?"

ಆದ್ದರಿಂದ ಓದುಗರು ಮನ್ನಿಸಬೇಕು. ಇಷ್ಟು ಹೊತ್ತು ಅಂದಪ್ಪ ಎಂದು ಕರೆದವರ ಹೆಸರು ಅಂದಪ್ಪ ಅಲ್ಲ. ಅವರ ಹೆಂಡತಿಯ, ಎಂಜಿನಿಯರರ, ಮಾಳಿಗೆಯ ಶಿಕ್ಷಕಿಯವರ ಹೆಸರುಗಳೂ ಬೇರೆ. ಒಂದು ಸಾಲಿನಲ್ಲಿ ತಮ್ಮ ಹೆಸರು ಕಾಣಬೇಕೆಂದು ಎರಡು ವರ್ಷ ಕಾದವರು, ಸಿಕ್ಕ ಒಂದು ಸಾಲನ್ನೂ ತಾವೇ ಹೊಡೆದು ಹಾಕಿಸಿದ್ದಾರೆ. ಉಸ್ತಾದರ ಹೆಸರನ್ನು ಮಾತ್ರ ಖರೇನೇ ಹಾಕಿರಿ, ಸತ್ತವರಿಗೆ ಯಾರೂ ಗೇಟು ಬಂದ್ ಮಾಡುವುದಿಲ್ಲ ಎಂದು ಅವರೇ ಹೇಳಿದರು.

ನಲ್ಲಿ ತಿರುಗಿಸಿ, ನೀರು ಬರುವ ತನಕ ಪೈಪಿನ ಬಾಯಿ ನೋಡುತ್ತ ನಿಲ್ಲುತ್ತಾರೆ. ಏನೋ ನೆನಪಾದಂತೆ ತಿರುಗಿ ಕರೆಯುತ್ತಾರೆ.

"ಏನ್ರೀ, ನನಗ ಯಾವ ಹೆಸರರೆ ಇಡ್ರಿ. ಹೆಣಿಗಿ ಮಾತ್ರ ಮೂವತ್ತೆಂಟ ಮೀಟರ್ ಐತಿ. ಅದನ್ನ ಸರಿಯಾಗಿ ಬರೀರಿ."