ಹೊಟ್ಟೆಯ ಮೇಲಿನ ಚೀಲ

ಆಕೆ ಭಾಗಮಂಡಲದ ಕಡೆಯವರು. ರಸ್ತೆ ಬದಿಯಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಕರುಳು ಕಟ್ಟಿ ಹೊಟ್ಟೆ ಉಬ್ಬಿದಾಗ ಗಂಡ ಜೀಪಿನಲ್ಲಿ ಮಲಗಿಸಿಕೊಂಡು ಮಡಿಕೇರಿಗೆ ತಂದಿದ್ದರು. ತಡಮಾಡುವ ಹಾಗಿರಲಿಲ್ಲ. ಡಾಕ್ಟರು ಕರುಳಿಗೆ ಅಡ್ಡವಾಗಿ ಗಡ್ಡೆ ಬೆಳೆದಿದ್ದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಗೆ ತಂದು ಹೊಲಿದರು. ಸದ್ಯಕ್ಕೆ ಮಲ ಅಲ್ಲಿಂದಲೇ ಬರಬೇಕು, ಅದನ್ನು ಹಿಡಿಯಲು ಚೀಲ ಅಂಟಿಸಿಕೊಂಡಿರಬೇಕು. ನಾನು ಸರ್ಜಿಕಲ್ ವಾರ್ಡಿನ ನರ್ಸ್. ಆಪರೇಷನ್ ಡಾಕ್ಟರ ಕೆಲಸ. ಆ ಚೀಲದ ಜೊತೆ ಬದುಕಲು ಕಲಿಸುವುದು ನನ್ನದು.

ಆಕೆ ಕಲಿಯಲು ತಯಾರಿರಲಿಲ್ಲ. ನಾನು ಬಟ್ಟೆ ಸರಿಸಿದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಗಂಡ ಪಾಪ, ಬೇಸರವಿಲ್ಲದೆ ಎಲ್ಲವನ್ನೂ ಕಲಿತರು. ಚೀಲ ಖಾಲಿ ಮಾಡಿ, ತೊಳೆದು, ಒರೆಸಿ ಇಡುತ್ತಿದ್ದರು. ಮನೆಯವರೊಬ್ಬರು ಕಲಿತರೆ ಸಾಕಲ್ಲ, ಡಿಸ್ಚಾರ್ಜ್ ಮಾಡಿಸಿಬಿಡು ಎಂದು ಜೊತೆಯ ನರ್ಸ್ ಹೇಳಿದಳು. ನನಗೆ ಮನಸ್ಸು ಬರಲಿಲ್ಲ. ಗಂಡ ತೋಟಕ್ಕೆ ಹೋದ ಹೊತ್ತಿನಲ್ಲಿ ಚೀಲ ಕಿತ್ತು ಬಂದರೆ ಈಕೆ ಏನು ಮಾಡಬೇಕು?

ಅಷ್ಟರಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಗಾಯ ಮಾಗುತ್ತಿರಲಿಲ್ಲ, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ತಟ್ಟೆ ಮಾತ್ರ ದಿನಾ ಖಾಲಿಯಾಗುತ್ತಿತ್ತು. ಒಂದು ಮಧ್ಯಾಹ್ನ ಔಷಧಿ ಕೊಡಲು ಹೋದಾಗ ಆಕೆಯ ಗಂಜಿಯನ್ನು ಗಂಡ ಕುಡಿಯುತ್ತಿದ್ದರು. ನನ್ನನ್ನು ನೋಡಿ ಬಟ್ಟಲು ಕೆಳಗಿಟ್ಟು, ಅವಳೇ ಕುಡಿ ಅಂದದ್ದು ಎಂದು ತಲೆ ತಗ್ಗಿಸಿದರು. ತಿಂದರೆ ಚೀಲ ತುಂಬುತ್ತದೆ, ತಿನ್ನದಿದ್ದರೆ ತುಂಬುವುದಿಲ್ಲ. ಆಕೆಯ ಲೆಕ್ಕ ಅಷ್ಟೇ.

ಗಂಡನನ್ನು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸಿ, ಪರದೆ ಎಳೆದು, ಸ್ಟೂಲ್ ಹಾಕಿಕೊಂಡು ಕೂತೆ.

“ನಂಗೆ ಅದ್ನ ನೋಡಿಕೆ ಆದ್ಲೆ,” ಅಂದರು. ನೋಡಲು ಆಗುವುದೇ ಇಲ್ಲ ಎಂದು ಗೋಡೆಯ ಕಡೆ ತಿರುಗಿ, “ಹೊಟ್ಟೇಲಿ ಇದ್ನ ಕಟ್ಟಿಕಂಡ್ ನಾ ಬಡಿಸಿರೆ ಯಾರ್ ಉಣ್ತಾರೆ ಸಿಸ್ಟರ್?”

ಎಲ್ಲರೂ ಉಣ್ಣುತ್ತಾರೆ ಎಂದು ಹೇಳಿಬಿಡುವುದು ಸುಲಭವಿತ್ತು. ಅದು ನನಗೆ ಗೊತ್ತಿಲ್ಲದ ಮಾತು. ಗೊತ್ತಿದ್ದದ್ದನ್ನೇ ಹೇಳಿದೆ: “ಚೆನ್ನಾಗಿ ಅಂಟಿಸಿದ್ರೆ ವಾಸನೆ ಬರಲ್ಲ, ಸೋರಲ್ಲ. ಯಾರಿಗೆ ಹೇಳ್ಬೇಕು, ಯಾರಿಗೆ ಬೇಡ ಅನ್ನೋದು ನಿಮ್ಮಿಷ್ಟ. ಆದ್ರೆ ಅಂಟಿಸೋ ಕೈ ನಿಮ್ದೇ ಆಗ್ಬೇಕು. ನೀವು ನೋಡೋವರ್ಗೂ ನಾನು ಏಳಲ್ಲ.”

ಆಕೆಗೆ ಸಿಟ್ಟು ಬಂತು. ನಿಮಗೇನು, ನಿಮ್ಮ ಹೊಟ್ಟೆಯಲ್ಲವಲ್ಲ ಎಂದರು. ಹೌದು ಎಂದೆ. ಕೂತೇ ಇದ್ದೆ. ಪಕ್ಕದ ಹಾಸಿಗೆಯವರು ಕರೆದರು, ಬರುತ್ತೇನೆ ಎಂದು ಅಲ್ಲಿಂದಲೇ ಕೂಗಿದೆ. ಕೊನೆಗೆ ಆಕೆ ತಲೆಯನ್ನು ದಿಂಬಿನಿಂದ ಎತ್ತಿದರು.

ಬಹಳ ಹೊತ್ತು ನೋಡಿದರು. ನಾನು ಚೀಲ ಬಿಚ್ಚಿದ ಜಾಗದಲ್ಲಿ ಕರುಳಿನ ತುದಿ ಬಾಯೊಳಗಿನ ಹಾಗೆ ಕೆಂಪಗೆ, ಒದ್ದೆಯಾಗಿತ್ತು. ಮುಟ್ಟಿದರೆ ನೋಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಬೆರಳ ತುದಿಯಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು, ಮತ್ತೆ ಮುಟ್ಟಿದರು. ಕಣ್ಣಲ್ಲಿ ನೀರಿತ್ತು. ನಾನು ಕತ್ತರಿಯನ್ನೂ ಹೊಸ ಚೀಲವನ್ನೂ ಮುಂದಿಟ್ಟೆ. ಮೊದಲ ಸಲ ಚೀಲದ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕತ್ತರಿಸಿದರು, ಅಂಟು ಸುಕ್ಕಾಯಿತು, ಸಂಜೆಯೊಳಗೆ ಸೋರಿ ಹಾಸಿಗೆ ಒದ್ದೆಯಾಯಿತು. ಬೈದುಕೊಂಡರು, ಆದರೆ ಗಂಡನನ್ನು ಕರೆಯಲಿಲ್ಲ. ಇನ್ನೊಂದನ್ನು ಕೊಡಿ ಎಂದರು. ಮಾರನೆಯ ದಿನದಿಂದ ಗಂಜಿಯನ್ನು ತಾವೇ ಕುಡಿದರು.

ಮನೆಗೆ ಹೋಗಿ ಕೆಲವು ವಾರಗಳಲ್ಲೇ ಮತ್ತೆ ಬಂದರು. ಸುತ್ತಲಿನ ಚರ್ಮ ಸುಲಿದು ಹೋಗಿತ್ತು. ಎಷ್ಟು ಸರಿಯಾಗಿ ಅಂಟಿಸಿದರೂ ಸೋರುತ್ತದೆ ಎಂದರು. ನಿಂತಲ್ಲಿ, ಕೂತಲ್ಲಿ ಎಲ್ಲ ನೋಡಿದ ಮೇಲೆ ಕಾರಣ ಸಿಕ್ಕಿತು. ಲಂಗದ ಲಾಡಿ ಸರಿಯಾಗಿ ಚೀಲದ ಅಂಚಿನ ಮೇಲೇ ಬಿಗಿಯುತ್ತಿತ್ತು. ತುರ್ತು ಆಪರೇಷನ್ ಆದ್ದರಿಂದ ಸೀರೆ ಎಲ್ಲಿ ಕಟ್ಟುತ್ತೀರಿ ಎಂದು ಮೊದಲೇ ಕೇಳಿ ಕರುಳು ಹೊರತರುವ ಜಾಗ ಗುರುತು ಮಾಡುವಷ್ಟು ಸಮಯ ಸಿಕ್ಕಿರಲಿಲ್ಲ. ಚರ್ಮಕ್ಕೆ ಪುಡಿ ಹಾಕಿ, ಒಣಗಿಸಿ, ಲಾಡಿಯನ್ನು ಮೇಲಕ್ಕೆ ಕಟ್ಟಿಸಿದೆ. ಅದು ಉಸಿರು ಹಿಡಿಯುತ್ತದೆ ಎಂದು ಆಕೆಯೇ ನೈಟಿಗೆ ಬದಲಾಯಿಸಿಕೊಂಡರು. ಜೀವಮಾನದಲ್ಲಿ ನೈಟಿ ಹಾಕಿಕೊಂಡು ಹೋಟೆಲಿನಲ್ಲಿ ನಿಂತವರಲ್ಲವಂತೆ.

ಮುಂದಿನ ಚೆಕಪ್ಪಿಗೆ ಬಂದಾಗ ಡಾಕ್ಟರು, ಇದು ಇನ್ನು ಖಾಯಂ, ಕರುಳನ್ನು ಮತ್ತೆ ಒಳಗೆ ಸೇರಿಸಲು ಬರುವುದಿಲ್ಲ ಎಂದು ತಿಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕುಸಿದರೆ ಹಿಡಿಯೋಣ ಎಂದು. ಆಕೆ ಸೆರಗಿಲ್ಲದ ಭುಜವನ್ನೊಮ್ಮೆ ತಡವಿಕೊಂಡು, ಚೀಲ ಮಡಿಕೇರಿಯ ಮೆಡಿಕಲ್‌ನಲ್ಲಿ ಯಾವಾಗಲೂ ಸಿಗುತ್ತದಾ ಎಂದು ಕೇಳಿದರು. ಗಿರಾಕಿಗಳಲ್ಲಿ ಒಂದಿಬ್ಬರು ವಿಷಯ ತಿಳಿದು ಬರುವುದನ್ನು ಬಿಟ್ಟಿದ್ದರಂತೆ. ಉಳಿದವರಿಗೆ ತಾವೇ ಹೇಳಿಬಿಟ್ಟಿದ್ದರು.

ನಾನು ಇನ್ನೂ ಏನೋ ವಿವರಿಸುತ್ತಿದ್ದೆ. ಆಕೆ ಗಡಿಯಾರ ನೋಡಿ, ಬಸ್ಸು ತಪ್ಪಿದರೆ ಹೋಟೆಲಿನ ಊಟದ ಹೊತ್ತಿಗೆ ಮುಟ್ಟುವುದಿಲ್ಲ ಎಂದು ಬ್ಯಾಗು ಎತ್ತಿಕೊಂಡು ಹೊರಟರು.