ಹೊಳೆಯೀಚೆಯ ತವರು

ದುಗ್ಗಮ್ಮತ್ತೆ ಅಂದರೆ ನನ್ನ ಅಪ್ಪನ ಅಕ್ಕ. "ಎಂತಕ್ಕೆ?" ಎಂದು ಕೇಳದೆ ಯಾವುದಕ್ಕೂ ಒಪ್ಪಿದ ಹೆಂಗಸಲ್ಲ. ಅರುವತ್ತೆರಡನೇ ಇಸವಿಯಲ್ಲಿ, ಸುಳ್ಯದ ಕಡೆಯ ನಮ್ಮೂರಿನಲ್ಲಿ ಪಂಚಾಯತಿಯವರು ಮನೆತೆರಿಗೆ ಏರಿಸಿದಾಗ ಗಂಡಸರೆಲ್ಲ ಗೊಣಗುತ್ತ ಕಟ್ಟಿದರು. ಅತ್ತೆ ಮಾತ್ರ ಚೇರ್ಮನ್ ವೆಂಕಪ್ಪ ಗೌಡರನ್ನು ಅಂಗಳದಲ್ಲೇ ತಡೆದರು.

"ಎಂತಕ್ಕೆ ಇದು?"

"ಹೆರಿಗೆ ಮಾಡಿಸ್ಲಿಕ್ಕೆ ನರ್ಸಮ್ಮನನ್ನು ಇಡುದು ಅಕ್ಕ. ನಮ್ಮ ತೆರಿಗೆ, ನಮ್ಮ ನರ್ಸು. ಸರಕಾರವನ್ನು ಕಾದು ಕೂತ್ರೆ ಆಗುದಿಲ್ಲ."

ಅತ್ತೆ ಕಟ್ಟಿದರು. ನರ್ಸಮ್ಮ ಬಂದರು. ಆದರೆ ನಮ್ಮ ಬುದ್ಧಿವಂತರ ಬುದ್ಧಿ ನೋಡಿ! ಚೊಚ್ಚಲ ಹೆರಿಗೆ ಆಗಬೇಕಾದ್ದು ತವರಿನಲ್ಲಿ. ತೆರಿಗೆ ಕಟ್ಟಿದ ಮನೆಗಳ ಸೊಸೆಯರು ಏಳು ತಿಂಗಳಾದೊಡನೆ ಬೇರೆ ಊರಿಗೆ ಹೊರಟುಬಿಡುತ್ತಿದ್ದರು. ಪಂಚಾಯತಿಯ ಮೀಟಿಂಗಿನಲ್ಲಿ ಕೂತ ಒಬ್ಬ ಗಂಡಸಿಗೂ ಇದು ತಲೆಗೆ ಹೋಗಲಿಲ್ಲ.

ಅತ್ತೆಯ ತಲೆಗೂ ಅದು ಹೋದದ್ದು ಸೊಸೆ ಸೇವಂತಿ ಬಸುರಿಯಾದಾಗ. ಅವಳ ತವರು ಹೊಳೆಯಾಚೆ. ಅಲ್ಲಿ ಬೇರೆ ಪಂಚಾಯತಿ. ಅಂಗಡಿಯಿಲ್ಲ, ಮರದ ಡಿಪೋ ಇಲ್ಲ, ಇರುವುದು ಹುಲ್ಲಿನ ಮಾಡಿನ ಗುಡಿಸಲುಗಳು. ತೆರಿಗೆ ಹಾಕುವುದಾದರೂ ಯಾವುದಕ್ಕೆ? ಹಾಗಾಗಿ ನರ್ಸೂ ಇಲ್ಲ. ನಮ್ಮ ನರ್ಸಮ್ಮ ಗಡಿ ದಾಟುವಂತಿಲ್ಲವೆಂದು ನಮ್ಮವರ ಕಟ್ಟಪ್ಪಣೆ. ಸೇವಂತಿಯ ಅಕ್ಕ ಹಿಂದಿನ ವರ್ಷ ಅಲ್ಲೇ ಹೆರಿಗೆಯಲ್ಲಿ ತೀರಿಹೋಗಿದ್ದಳು.

ಏಳನೇ ತಿಂಗಳಲ್ಲಿ ಸೇವಂತಿಯ ತಾಯಿ ಅಮ್ಮಕ್ಕ ಮಗಳನ್ನು ಕರೆದೊಯ್ಯಲು ಬಂದರು.

"ಕಳಿಸುದಿಲ್ಲ," ಎಂದರು ಅತ್ತೆ.

ಅಮ್ಮಕ್ಕನ ಮುಖ ಕಪ್ಪಿಟ್ಟಿತು. "ಬಡವರು ಅಂತ ಹೀಗೆ ಹೇಳುದಾ? ಚೊಚ್ಚಲ ಬಾಣಂತನ ಮಾಡದ ತಾಯಿ ಊರಲ್ಲಿ ತಲೆ ಎತ್ತಿ ನಡೀಲಿಕ್ಕೆ ಉಂಟಾ?"

"ಬಾಣಂತನ ನೀವೇ ಮಾಡಿ ಮಾರಾಯ್ರೆ, ಯಾರು ಬೇಡ ಹೇಳಿದ್ದು? ಹೊಳೆಯಾಚೆ ಮಾತ್ರ ಬೇಡ. ನನಗೆ ಹೆದರಿಕೆ ಆಗ್ತದೆ."

ಅತ್ತೆಯ ಬಾಯಲ್ಲಿ ಹೆದರಿಕೆಯ ಮಾತು ನಾನು ಕೇಳಿದ್ದು ಅದೇ ಮೊದಲು. ಮರುದಿನವೇ ಅಂಗಳದಾಚೆಯ ಖಾಲಿ ಬಿಡಾರಕ್ಕೆ ಸೆಗಣಿ ಸಾರಿಸಿ, ಒಲೆ ಹೂಡಿ ಅಮ್ಮಕ್ಕನಿಗೆ ಬಿಟ್ಟುಕೊಟ್ಟರು. "ಇದು ನಿಮ್ಮ ಮನೆ. ಕರೆಯದೆ ನಾನೂ ಒಳಗೆ ಬರುದಿಲ್ಲ." ಸೇವಂತಿ ಹೂ ಮುಡಿದು, ಹಿರಿಯರ ಕಾಲಿಗೆ ಬಿದ್ದು, ಅಂಗಳ ದಾಟಿ ತವರಿಗೆ ಹೋದಳು. ನಾವೆಲ್ಲ ಬಿದ್ದುಬಿದ್ದು ನಕ್ಕೆವು.

ಬಿಡಾರದಲ್ಲಿ ಹೊಗೆ ಕಂಡದ್ದೇ ವೆಂಕಪ್ಪ ಗೌಡರು ಹಾಜರು. "ಒಲೆ ಬೇರೆ ಆದ್ರೆ ಮನೆಯೂ ಬೇರೆ ಅಕ್ಕ. ತೆರಿಗೆಯೂ ಬೇರೆ."

"ಹಾಕಿ, ಹಾಕಿ! ಅಮ್ಮಕ್ಕನ ಹೆಸರಿಗೇ ಹಾಕಿ. ಇನ್ನು ಅವರೂ ಈ ಊರಿನವರೇ ಅಲ್ವಾ?" ಅಷ್ಟು ಖುಷಿಯಲ್ಲಿ ತೆರಿಗೆ ಕಟ್ಟಿದವರನ್ನು ಗೌಡರು ಕಂಡಿರಲಿಕ್ಕಿಲ್ಲ.

ಮಗು ಹುಟ್ಟಿತು, ಆದರೆ ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ನರ್ಸಮ್ಮ ಪಕ್ಕದಲ್ಲಿದ್ದದ್ದಕ್ಕೆ ಸೇವಂತಿ ಉಳಿದಳು. ತೀರಿಹೋದ ದೊಡ್ಡ ಮಗಳಿಗೂ ಹೀಗೇ ಆದದ್ದಂತೆ. ಅಮ್ಮಕ್ಕ ಮೊಮ್ಮಗನನ್ನು ಎದೆಗವುಚಿಕೊಂಡು ಗೊಳೋ ಎಂದು ಅತ್ತರು.

ಹೊರಡುವ ದಿನ ಅಮ್ಮಕ್ಕ ಗೌಡರನ್ನು ಕೇಳಿದರು: "ನಾವು ಆಚೆಯವರೂ ಕೂಡಿ ತೆರಿಗೆ ಕೊಡ್ತೇವೆ. ನರ್ಸಮ್ಮನನ್ನು ಕಳಿಸ್ತೀರಾ?"

ಗೌಡರು ಕೆಟ್ಟವರಲ್ಲ, ಪಾಪ. ತಲೆ ಕೆರೆದುಕೊಂಡರು. "ನೀವು ಕೊಟ್ರೂ ತೆಗೊಳ್ಲಿಕ್ಕೆ ನನಗೆ ಅಧಿಕಾರ ಇಲ್ಲ ಅಕ್ಕ."

ಬಿಡಾರ ಖಾಲಿಯಾಯಿತು. ಅದರ ತೆರಿಗೆಯನ್ನು ಅತ್ತೆ ನಿಲ್ಲಿಸಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನನ್ನನ್ನೇ ಗದರಿದರು.

ಮಳೆ ಮುಗಿದ ಮೇಲೆ ಅಮ್ಮಕ್ಕ ಒಬ್ಬ ತುಂಬುಬಸುರಿಯ ಕೈಹಿಡಿದು ಬಂದರು. "ನನ್ನ ಮಗಳು," ಎಂದರು. ಅತ್ತೆ ಬಿಡಾರದ ಬಾಗಿಲು ತೆಗೆದರು. ಅವಳು ಮಗುವಿನೊಂದಿಗೆ ಮರಳಿದ ಮೇಲೆ ಇನ್ನೊಬ್ಬಳು ಬಂದಳು, ಅವಳೂ ಮಗಳು. ಆಮೇಲೆ ಬಂದವಳು ನೆಬೀಸ, ಹೊಳೆಯಾಚೆಯ ಬ್ಯಾರಿ ಮುಸಲ್ಮಾನರ ಹುಡುಗಿ.

ಗೌಡರು ತಾಳ್ಮೆಗೆಟ್ಟರು. "ಇವಳೂ ಮಗಳಾ? ಒಟ್ಟು ಎಷ್ಟು ಹೆಣ್ಣುಮಕ್ಕಳು ಮಾರಾಯ್ರೆ ನಿಮಗೆ?"

"ಎಷ್ಟಿದ್ರೂ ಒಬ್ಬಳು ಕಡಿಮೆಯೇ ಗೌಡ್ರೆ," ಎಂದರು ಅಮ್ಮಕ್ಕ.

ನರ್ಸಮ್ಮನನ್ನು ಕರೆಯಲು ಗೌಡರೇ ಹೋದರು.